ಸೊಸೈಟಿಯ ಹಳೆಯ ಬಾವಿಗೆ ಮತ್ತೆ ನೀರು: ಮುಂಬಯಿ ಕನ್ನಡಿಗರಿಗೊಂದು ಮಾರ್ಗದರ್ಶಿ

ಮುಂಬಯಿಯ ಹಳೆಯ ಚಾಳು, ವಾಡಿ, ಸೊಸೈಟಿಗಳ ಹಿತ್ತಲಲ್ಲಿ ಇನ್ನೂ ಎಷ್ಟೋ ಬಾವಿಗಳಿವೆ. ಕೆಲವಕ್ಕೆ ಜಾಲರಿ ಬಿದ್ದಿದೆ, ಕೆಲವು ಕಾಂಕ್ರೀಟ್ ಚಪ್ಪಡಿಯ ಕೆಳಗೆ ಮರೆಯಾಗಿವೆ. ಮಾರ್ಚ್ ತಿಂಗಳಿನಿಂದ ಟ್ಯಾಂಕರ್‌ಗೆ ಹಣ ಸುರಿಯುವ ಅನೇಕ ಸೊಸೈಟಿಗಳಿಗೆ ಈ ಬಾವಿಯೇ ಅರ್ಧ ಭಾರ ಇಳಿಸಬಲ್ಲದು. ಹೂಳೆತ್ತುವುದಾಗಲಿ, ಚಾವಣಿಯ ಮಳೆನೀರನ್ನು ಬಾವಿಗೆ ತಿರುಗಿಸುವುದಾಗಲಿ ಕಷ್ಟದ ಕೆಲಸವಲ್ಲ, ಒಳ್ಳೆಯ ಗುತ್ತಿಗೆದಾರ ಸಿಕ್ಕರೆ ಬೇಸಿಗೆಯಲ್ಲೇ ಮುಗಿಯುತ್ತದೆ. ಕೆಲಸ ಕೆಡುವುದು ಆಮೇಲೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಾವಿಯಲ್ಲಿ ಹೂವು ಕೊಳೆಯುತ್ತಿರುತ್ತದೆ, ಪಂಪಿಗೆ ಬೀಗ ಬಿದ್ದಿರುತ್ತದೆ, ಯಾರೋ ಇಬ್ಬರ ನಡುವೆ ಮಾತು ನಿಂತಿರುತ್ತದೆ. ಆ ಬಾವಿ ಯಾರ ಬದುಕಿನಲ್ಲಿ ಹೇಗೆ ಸೇರಿಕೊಂಡಿದೆ ಎಂದು ಮೊದಲೇ ಕೇಳದೆ ಹೋದದ್ದು ಇದಕ್ಕೆ ಕಾರಣ. ಆದ್ದರಿಂದ ಇಲ್ಲಿ ಅಳತೆ, ಪ್ರಮಾಣ, ಪೈಪುಗಳ ಲೆಕ್ಕದ ಜೊತೆಗೇ ಜನರ ನಡಾವಳಿಯ ಲೆಕ್ಕವೂ ಬರುತ್ತದೆ. ಎರಡನ್ನೂ ಬೇರೆ ಮಾಡಿ ನೋಡಿದರೆ ಬಾವಿ ಉಳಿಯುವುದಿಲ್ಲ.

ಮೊದಲು ಕೇಳಿ, ಆಮೇಲೆ ಅಳೆಯಿರಿ

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುವ ಗಾದೆ ನಮ್ಮಲ್ಲಿದೆ. ಬಾವಿಯ ವಿಷಯ ಗೊತ್ತಿರುವುದು ಕಮಿಟಿಯ ಕಡತಕ್ಕಿಂತ ಹೆಚ್ಚಾಗಿ ಅಲ್ಲಿ ನೀರು ಸೇದಿದ ಹೆಂಗಸರಿಗೆ. ಕಟ್ಟಡದಲ್ಲಿ ಅರವತ್ತು ದಾಟಿದವರ ಪಟ್ಟಿ ಮಾಡಿ, ಮನೆಮನೆಗೆ ಹೋಗಿ. ಮರಾಠಿ ಮನೆಯಲ್ಲಿ ‘ಆಜಿ’, ನಮ್ಮವರ ಮನೆಯಲ್ಲಿ ‘ಅಜ್ಜಿ’ ಎಂದು ಕರೆದು, ಕುಳಿತು ಕೇಳಿ. ಪ್ರಶ್ನೆ ಖಚಿತವಾಗಿರಲಿ: ಮೇ ತಿಂಗಳಲ್ಲಿ ಎಷ್ಟು ಮಾರು ಹಗ್ಗ ಬೇಕಾಗುತ್ತಿತ್ತು? ಮಳೆಗಾಲದಲ್ಲಿ ನೀರು ಎಷ್ಟನೇ ಮೆಟ್ಟಿಲಿಗೆ ಬರುತ್ತಿತ್ತು? ಬೇಳೆ ಬೇಯುತ್ತಿತ್ತೇ? ಸೋಪು ನೊರೆ ಬರುತ್ತಿತ್ತೇ? ಒರತೆ ಯಾವ ಕಡೆಯ ಗೋಡೆಯಲ್ಲಿ ಕಾಣುತ್ತಿತ್ತು?

ಮಾರು ಎಂದರೆ ಸುಮಾರು ಆರು ಅಡಿ. ಐದು ಮಾರು ಹಗ್ಗ ಬೇಕಿತ್ತು ಎಂದರೆ ಕಟ್ಟೆಯಿಂದ ಮೂವತ್ತು ಅಡಿ ಕೆಳಗೆ ಬೇಸಿಗೆಯ ನೀರಿನ ಮಟ್ಟವಿತ್ತು ಎಂದು ತಿಳಿಯಿತು. ಬೇಳೆ ಬೇಯದ, ನೊರೆ ಬಾರದ ನೀರು ಗಡಸು ನೀರು. ಮೇ ತಿಂಗಳಲ್ಲಿ ಮಾತ್ರ ಉಪ್ಪಾಗುತ್ತಿತ್ತು ಎಂದರೆ ಕಡಲ ನೀರಿನ ನಂಟು ಇದೆ. ಯಾವ ಉಪಕರಣವೂ ಕೊಡಲಾಗದ ನಲವತ್ತು ವರ್ಷದ ಹಿಂದಿನ ಮಾಹಿತಿ ಇದು, ಬರೆದಿಟ್ಟುಕೊಳ್ಳಿ.

ಅದೇ ಹೊತ್ತಿಗೆ ಇನ್ನೊಂದು ಪಟ್ಟಿಯೂ ತಯಾರಾಗಲಿ: ಈ ಬಾವಿಯ ಬಳಿ ಯಾರು, ಯಾವಾಗ, ಏನು ಮಾಡುತ್ತಾರೆ. ದಕ್ಷಿಣ ಕನ್ನಡ, ಉಡುಪಿ ಕಡೆಯವರಿಗೆ ದೀಪಾವಳಿಯ ‘ನೀರು ತುಂಬುವ ಹಬ್ಬ’ಕ್ಕೆ ಹಂಡೆಗೆ ಬಾವಿಯ ನೀರೇ ಆಗಬೇಕು. ಬಾಣಂತಿ ಬಾವಿಕಟ್ಟೆಗೆ ಬಂದು ಗಂಗೆಪೂಜೆ ಮಾಡುವ ಪದ್ಧತಿ ಕನ್ನಡ ಮನೆಗಳಲ್ಲೂ ಇದೆ, ಮರಾಠಿ ಮನೆಗಳಲ್ಲೂ ಇದೆ. ವಾಂದ್ರೆ, ವಸಾಯಿಗಳಲ್ಲಿ ‘ಈಸ್ಟ್ ಇಂಡಿಯನ್’ ಎಂದು ಕರೆಸಿಕೊಳ್ಳುವ ಇಲ್ಲಿನ ಮೂಲ ಕ್ರೈಸ್ತರ ಮದುವೆಯಲ್ಲಿ ‘ಉಂಬ್ರಾಚಾ ಪಾಣಿ’ ಎಂದು ಮೆರವಣಿಗೆಯಲ್ಲಿ ಬಾವಿಗೆ ಹೋಗಿ ನೀರು ತರುತ್ತಾರೆ. ಪಾರ್ಸಿಗಳಿಗೆ ನೀರು ಪೂಜ್ಯ. ಚರ್ಚ್‌ಗೇಟಿನ ಬಳಿ 1725ರಲ್ಲಿ ಕಟ್ಟಿಸಿದ ಭಿಖಾ ಬೆಹ್ರಾಮ್ ಬಾವಿಯಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ. ಕಡಲಿಗೆ ಅಷ್ಟು ಹತ್ತಿರವಿದ್ದೂ ಅದರ ನೀರು ಸಿಹಿ. ಜೈನ ಮನೆಯವರು ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಮೂಲಕ್ಕೆ ಮೆಲ್ಲಗೆ ಮರಳಿಸುವ ವ್ರತ ಪಾಲಿಸುತ್ತಿರಬಹುದು. ಇದರಲ್ಲಿ ಒಂದೊಂದೂ ಮುಂದೆ ಬಾಗಿಲಿನ ಅಳತೆ, ಔಷಧಿಯ ಆಯ್ಕೆ, ಪೈಪಿನ ದಾರಿಯನ್ನು ನಿರ್ಧರಿಸುತ್ತದೆ.

ಯಾವ ಕೆಲಸಕ್ಕೆ ಈ ನೀರು

ಸಾಮಾನ್ಯ ಸಭೆಯಲ್ಲಿ ಇದನ್ನು ಬಿಡಿಸಿ ಮಾತಾಡದೆ ಪಂಪು ಕೊಳ್ಳಬೇಡಿ. ಎಂಜಿನಿಯರ್ ಸಹಜವಾಗಿ ‘ಕಕ್ಕಸಿನ ಫ್ಲಶ್‌ಗೆ ಬಾವಿ ನೀರು’ ಎನ್ನುತ್ತಾರೆ. ಲೆಕ್ಕದಲ್ಲಿ ಅದು ಸರಿ. ಆದರೆ ಅದೇ ಬಾವಿಗೆ ಅರಿಸಿನ ಕುಂಕುಮ ಇಡುವವರು ಇದಕ್ಕೆ ಮನಸಾರೆ ಒಪ್ಪುವುದಿಲ್ಲ. ಸಭೆಯಲ್ಲಿ ಸುಮ್ಮನಿದ್ದು ಆಮೇಲೆ ದುಡ್ಡು ಕೊಡುವುದನ್ನು ನಿಲ್ಲಿಸುತ್ತಾರೆ. ಹೀಗಾಗುವ ಕಡೆ ಎರಡು ದಾರಿಗಳಿವೆ. ಬಾವಿಯ ನೀರನ್ನು ಗಿಡ, ಅಂಗಳ, ಪಾತ್ರೆ, ಬಟ್ಟೆಗೆ ಮೀಸಲಿಟ್ಟು ಫ್ಲಶ್‌ಗೆ ಪಾಲಿಕೆಯ ನೀರನ್ನೇ ಮುಂದುವರಿಸಬಹುದು, ಟ್ಯಾಂಕರ್ ಖರ್ಚು ಹೇಗೂ ಇಳಿಯುತ್ತದೆ. ಇಲ್ಲವೇ ಪೂಜೆಗೆ ಸೇದುವ ಬಾಗಿಲನ್ನು ಬಾವಿಯಲ್ಲೇ ಉಳಿಸಿ, ಪಂಪಿನ ನೀರನ್ನು ಮೊದಲು ನೆಲದಡಿಯ ಬೇರೆ ಟಾಕಿಗೆ ತುಂಬಿ ಅಲ್ಲಿಂದ ಮೇಲೆ ಕಳಿಸಬಹುದು. ಟಾಕಿಗೆ ಇಳಿದ ನೀರು ಬಳಕೆಯ ನೀರು ಎಂಬ ಭಾವನೆ ಹೆಚ್ಚಿನವರಿಗೆ ಒಪ್ಪಿಗೆಯಾಗುತ್ತದೆ. ಖರ್ಚು ಸ್ವಲ್ಪ ಹೆಚ್ಚಾದರೂ ನಮ್ಮ ಒಲವು ಎರಡನೆಯದರ ಕಡೆಗೆ.

ಯಾವ ದಾರಿ ಹಿಡಿದರೂ ಒಂದು ವಿಷಯದಲ್ಲಿ ರಾಜಿ ಬೇಡ. ಬಾವಿಯ ಪೈಪು ಪಾಲಿಕೆಯ ಪೈಪಿಗೆ ಎಲ್ಲಿಯೂ ಸೇರಬಾರದು. ನಡುವೆ ವಾಲ್ವ್ ಇದ್ದರೂ ಬೇಡ. ವಾಲ್ವ್ ಸೋರುತ್ತದೆ, ಪಾಲಿಕೆಯ ನೀರು ನಿಂತಾಗ ಪೈಪಿನಲ್ಲಿ ಹಿಂದೆಳೆತ ಉಂಟಾಗಿ ಬಾವಿಯ ನೀರು ಕುಡಿಯುವ ನೀರಿಗೆ ಬೆರೆಯುತ್ತದೆ. ಮೇಲಿನ ಟಾಕಿ ಬೇರೆ, ಇಳಿಯುವ ಪೈಪು ಬೇರೆ, ಪೈಪಿನ ಬಣ್ಣವೂ ಬೇರೆ ಇರಲಿ.

ನಡಾವಳಿಯೆಂದು ಎಲ್ಲವನ್ನೂ ಒಪ್ಪಬೇಕಿಲ್ಲ

ಹಳೆಯ ಪದ್ಧತಿಗಳಲ್ಲಿ ಒಂದನ್ನು ಬಾವಿಯ ಕಟ್ಟೆಗೆ ಹತ್ತಲೂ ಬಿಡಬಾರದು: ಯಾರು ನೀರು ಮುಟ್ಟಬಹುದು, ಯಾರು ಮುಟ್ಟಬಾರದು ಎನ್ನುವುದು. ಜೋತಿಬಾ ಫುಲೆ 1868ರಲ್ಲಿ ಪುಣೆಯ ತಮ್ಮ ಮನೆಯ ನೀರಿನ ತೊಟ್ಟಿಯನ್ನು ಅಸ್ಪೃಶ್ಯರೆನಿಸಿಕೊಂಡವರಿಗೆ ತೆರೆದರು. 1923ರಲ್ಲಿ ಮುಂಬಯಿ ಶಾಸನ ಪರಿಷತ್ತು ಸಾರ್ವಜನಿಕ ಬಾವಿ, ಕೆರೆಗಳು ಎಲ್ಲರಿಗೂ ಎಂದು ಠರಾವು ಮಾಡಿದ ಮೇಲೂ ಆಚರಣೆ ಬದಲಾಗಲಿಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಮಹಾಡದ ಚವದಾರ್ ಕೆರೆಯ ನೀರನ್ನು ಕೈಯಲ್ಲಿ ಎತ್ತಿ ಕುಡಿಯಬೇಕಾಯಿತು. ಸೊಸೈಟಿಗಳಲ್ಲಿ ಇದು ಈಗ ಬೇರೆ ರೂಪದಲ್ಲಿ ಬರುತ್ತದೆ. ಕಸ ಗುಡಿಸುವವರು, ಮನೆಗೆಲಸದ ಹೆಂಗಸರು, ವಾಚ್‌ಮನ್ ಬಾವಿಯ ನಲ್ಲಿ ಮುಟ್ಟಬಾರದು ಎನ್ನುವ, ಎಲ್ಲೂ ಬರೆಯದ ನಿಯಮ ಅದು. ಆದ್ದರಿಂದ ಬರೆದೇ ಇಡಿ. ಠರಾವಿನಲ್ಲಿ ‘ಆವರಣದಲ್ಲಿ ವಾಸಿಸುವ, ಕೆಲಸ ಮಾಡುವ ಎಲ್ಲರಿಗೂ’ ಎಂಬ ಮಾತು ಇರಲಿ, ನೆಲಮಟ್ಟದಲ್ಲಿ ಬೀಗವಿಲ್ಲದ ಒಂದು ನಲ್ಲಿ ಇರಲಿ. ಸಭೆಗೆ ಅವರನ್ನೂ ಕರೆಯಿರಿ. ದಿನವೂ ಪಂಪು ಹಾಕಿ ಆರಿಸುವವರು ಅವರೇ ಆದ್ದರಿಂದ ಬಾವಿ ಕೆಟ್ಟರೆ ಮೊದಲು ಗೊತ್ತಾಗುವುದೂ ಅವರಿಗೇ.

ದಿನ ಗೊತ್ತುಮಾಡುವುದು

ನೀರು ತೀರ ಕೆಳಗಿರುವುದು ಏಪ್ರಿಲ್ ಕೊನೆಯಿಂದ ಮೇ ಮೂರನೇ ವಾರದವರೆಗೆ. ಮುಂಬಯಿಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11. ಮೇ 25ರೊಳಗೆ ಹೂಳೆತ್ತಿ, ಜಾಲರಿ ಕೂರಿಸಿ ಮುಗಿಸಬೇಕು. ಪಂಚಾಂಗವೂ ಇದಕ್ಕೆ ಅನುಕೂಲವಾಗಿಯೇ ಇದೆ. ಮಹಾರಾಷ್ಟ್ರದಲ್ಲಿ ಅಕ್ಷಯ ತೃತೀಯದಂದು ನೀರು ತುಂಬಿದ ಕೊಡ ದಾನ ಮಾಡುತ್ತಾರೆ. ಆ ದಿನ ಪೂಜೆ ಮಾಡಿ ಕೆಲಸ ಶುರುಮಾಡಿದರೆ ಹಿರಿಯರೂ ಮುಂದೆ ನಿಲ್ಲುತ್ತಾರೆ. ಆಷಾಢ, ಪಿತೃಪಕ್ಷಗಳಲ್ಲಿ ಶುಭಕಾರ್ಯ ಬೇಡವೆನ್ನುವವರ ಜೊತೆ ವಾದಿಸುವ ಅಗತ್ಯವೇ ಇಲ್ಲ, ಆಗ ಬಾವಿ ಹೇಗೂ ತುಂಬಿರುತ್ತದೆ. ತುಳುವರ ಮನೆಗಳಿದ್ದರೆ ಫೆಬ್ರವರಿ ಎರಡನೇ ವಾರದ ಸುಮಾರಿಗೆ ಬರುವ, ಭೂಮಿತಾಯಿಯ ಹಬ್ಬವಾದ ಕೆಡ್ಡಸದ ಮೂರು ದಿನ ನೆಲ ಅಗೆಯುವ ಕೆಲಸ ಇಟ್ಟುಕೊಳ್ಳಬೇಡಿ. ಪೈಪಿನ ಕಾಲುವೆಯನ್ನು ವಾರ ಬಿಟ್ಟು ತೋಡಿದರೆ ಏನೂ ಕೆಡುವುದಿಲ್ಲ.

ಹೂಳೆತ್ತುವಾಗ

ಮೊದಲು ಬಾವಿಯೊಳಗೆ ಆಮೆ ಇದೆಯೇ ನೋಡಿ. ಬಾವಿಯ ನೀರು ಶುದ್ಧವಾಗಿರಲಿ ಎಂದು ಆಮೆ ಬಿಡುವ ರೂಢಿ ಇಲ್ಲಿದೆ. ನಮ್ಮ ನಾಡಿನ ಆಮೆಗಳು ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ, ಅವನ್ನು ಹಿಡಿದು ಬಕೆಟ್ಟಿನಲ್ಲಿಟ್ಟುಕೊಳ್ಳುವಂತಿಲ್ಲ. ಅರಣ್ಯ ಇಲಾಖೆಗೆ ತಿಳಿಸಿ, ಅವರು ಬಂದು ತೆಗೆದ ಮೇಲೆ ಪಂಪು ಹಾಕಿ.

ಗೋಡೆಯಲ್ಲಿ ಅರಳಿ ಸಸಿ ಹುಟ್ಟಿದ್ದರೆ ಬೇರು ಕಲ್ಲು ಸಡಿಲಿಸುತ್ತದೆ. ಅರಳಿಗೆ ಕತ್ತಿ ಹಾಕಲು ಹೆಚ್ಚಿನ ಕೆಲಸಗಾರರು ಹಿಂಜರಿಯುತ್ತಾರೆ, ಬಲವಂತ ಮಾಡಬೇಡಿ. ಗೇಣುದ್ದ ಇರುವಾಗಲೇ ಬೇರು ಸಮೇತ ಬಿಡಿಸಿ ಕುಂಡದಲ್ಲಿಟ್ಟು, ಮಳೆ ಹಿಡಿದ ಮೇಲೆ ಬಯಲಿನಲ್ಲಿ ನೆಡಬಹುದು. ಪಕ್ಕದಲ್ಲಿ ದೊಡ್ಡ ಮರವೇ ಇದ್ದರೆ ಪಾಲಿಕೆಯ ವೃಕ್ಷ ಪ್ರಾಧಿಕಾರದ ಅನುಮತಿಯಿಲ್ಲದೆ ಕೊಂಬೆಯನ್ನೂ ಮುಟ್ಟಬೇಡಿ.

ನೀರನ್ನು ಒಂದೇ ಸಲ ಬರಿದು ಮಾಡಬಾರದು. ಸುಣ್ಣದ ಗಾರೆಯ ಅಥವಾ ಒಣಗಲ್ಲಿನ ಹಳೆಯ ಗೋಡೆಯ ಹಿಂದೆ ಮಣ್ಣಿನಲ್ಲಿ ನೀರು ತುಂಬಿರುತ್ತದೆ. ಒಳಗಿನ ನೀರು ಥಟ್ಟನೆ ಇಳಿದರೆ ಹೊರಗಿನ ಒತ್ತಡಕ್ಕೆ ಗೋಡೆ ಒಳಕ್ಕೆ ಕುಸಿಯುತ್ತದೆ. ಒಂದು ಮೀಟರ್ ಇಳಿಸಿ, ನಿಲ್ಲಿಸಿ, ಗೋಡೆ ನೋಡಿ, ಮುಂದುವರಿಯಿರಿ.

ಜೀವಕ್ಕೆ ಅಪಾಯ ತರುವುದು ಗಾಳಿ. ವರ್ಷಗಟ್ಟಲೆ ಮುಚ್ಚಿದ ಬಾವಿಯ ತಳದಲ್ಲಿ ಕೊಳೆತ ಕಸದಿಂದ ಹುಟ್ಟಿದ ವಿಷಾನಿಲ ಇರಬಹುದು, ಆಮ್ಲಜನಕ ಇಲ್ಲದಿರಬಹುದು. ಮುಚ್ಚಳ ತೆಗೆದು ಒಂದು ದಿನ ಬಿಡಿ, ಬ್ಲೋವರ್‌ನಿಂದ ತಳದವರೆಗೆ ಗಾಳಿ ಹಾಯಿಸಿ, ಗ್ಯಾಸ್ ಮೀಟರನ್ನು ಹಗ್ಗಕ್ಕೆ ಕಟ್ಟಿ ಇಳಿಸಿ ವಿಷಾನಿಲ ಇಲ್ಲವೆಂದೂ ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆ ಇಲ್ಲವೆಂದೂ ಖಚಿತವಾದ ಮೇಲೆ ಮಾತ್ರ ಜನ ಇಳಿಯಲಿ. ಸೊಂಟಕ್ಕೆ ಬೆಲ್ಟು, ಮೇಲೆ ಹಗ್ಗ ಹಿಡಿದವರು ಇಬ್ಬರು. ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸುವುದು ಕೊಲೆಗೆ ಸಮ, ಅದರ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ವಾಸನೆಯೇ ಇಲ್ಲದೆ ಕೊಲ್ಲುತ್ತದೆ. ಕೆಳಗಿನವರು ಕುಸಿದರೆ ಇನ್ನೊಬ್ಬರು ಧುಮುಕಬಾರದು, ಹಗ್ಗದಿಂದಲೇ ಎತ್ತಬೇಕು.

ಹೂಳಿನಲ್ಲಿ ನಾಣ್ಯ, ಹಿತ್ತಾಳೆ ತಂಬಿಗೆ, ಭಿನ್ನವಾದ ವಿಗ್ರಹ ಸಿಗುತ್ತವೆ. ಯಾರ ಸುಪರ್ದಿಗೆ ಎಂದು ಮೊದಲೇ ತೀರ್ಮಾನಿಸಿ. ವಿಗ್ರಹಗಳನ್ನು ಕೆಸರು ತೊಳೆದು ಬಟ್ಟೆಯಲ್ಲಿಟ್ಟು ದೇವಸ್ಥಾನದವರಿಗೆ ಒಪ್ಪಿಸಿ, ಹೂಳಿನ ರಾಶಿಯ ಮೇಲೆ ಎಸೆದರೆ ಆ ದಿನವೇ ಕೆಲಸ ನಿಲ್ಲುತ್ತದೆ. ಗೋಡೆಯ ಒರತೆಯ ಸಂದುಗಳನ್ನು ಸಿಮೆಂಟು ಬಳಿದು ಮುಚ್ಚಬೇಡಿ. ಗಿಲಾವು ಬೇಕಾದದ್ದು ಮೇಲಿನ ಮೂರು ಮೀಟರಿಗೆ ಮಾತ್ರ, ನೆಲದ ಕೊಳೆನೀರು ಒಳಗಿಳಿಯದಂತೆ. ಸುತ್ತ ಒಂದು ಮೀಟರ್ ಅಗಲದ, ಹೊರಕ್ಕೆ ಇಳಿಜಾರಾದ ಕಟ್ಟೆ ಮತ್ತು ಮೋರಿ ಕಟ್ಟಿಸಿ.

ಹೂಳೆತ್ತಿದ ಮೇಲೆ ನೀರು ಏರುವುದನ್ನು ಅಳೆಯಿರಿ. ಮೂರು ಮೀಟರ್ ವ್ಯಾಸದ ಬಾವಿಯಲ್ಲಿ ಗಂಟೆಗೆ 20 ಸೆಂ.ಮೀ. ಏರಿದರೆ ಗಂಟೆಗೆ ಸುಮಾರು 1,400 ಲೀಟರ್ ಒರತೆ ಇದೆ ಎಂದರ್ಥ. ನೀರು ಮೇಲೇರಿದಂತೆ ಒರತೆ ನಿಧಾನವಾಗುತ್ತದೆ, ಆದ್ದರಿಂದ ದಿನದ ಬಳಕೆಯನ್ನು ಮೇ ತಿಂಗಳ ಅಳತೆಯ ಅರ್ಧಕ್ಕೇ ನಿಲ್ಲಿಸಿ. ಕಡಲ ಹತ್ತಿರ ಇದು ಇನ್ನೂ ಮುಖ್ಯ: ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಮೇಲಿನ ಮಟ್ಟ ಒಂದಡಿ ಇಳಿದರೆ ಕೆಳಗಿನ ಉಪ್ಪುನೀರು ಲೆಕ್ಕದ ಪ್ರಕಾರ ನಲವತ್ತು ಅಡಿ ಮೇಲೇರುತ್ತದೆ. ಒಂದು ಬೇಸಿಗೆಯ ದುರಾಸೆಗೆ ಕೆಟ್ಟ ಬಾವಿ ಸರಿಯಾಗಲು ಹಲವು ಮಳೆಗಾಲ ಬೇಕು.

ಸೊಳ್ಳೆ ಮತ್ತು ಮುಚ್ಚಳ

ಮುಂಬಯಿಯ ಮಲೇರಿಯಾ ಸೊಳ್ಳೆ ಮೊಟ್ಟೆಯಿಡುವುದು ಬಾವಿ, ಟಾಕಿಗಳ ತಿಳಿನೀರಿನಲ್ಲಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪಾಲಿಕೆ ಬಾವಿಗಳನ್ನು ಮುಚ್ಚಲು ಹೊರಟಾಗ, ಪೂಜೆಯ ನೀರಿಗೆ ಸೂರ್ಯನ ಬೆಳಕು ತಾಗಬೇಕೆಂದು ಹಿಂದೂಗಳೂ ಪಾರ್ಸಿಗಳೂ ಪ್ರತಿಭಟಿಸಿದರು. ಸಣ್ಣಕಣ್ಣಿನ ತಂತಿಬಲೆಯ ಬಾಗಿಲಿಟ್ಟು ಮುಚ್ಚುವ ಉಪಾಯದಲ್ಲಿ ಅದು ಬಗೆಹರಿಯಿತು. ಇಂದಿಗೂ ಅದಕ್ಕಿಂತ ಒಳ್ಳೆಯ ಪರಿಹಾರವಿಲ್ಲ. ಕೀಟನಾಶಕ ಸುರಿದರೆ ಪೂಜೆಯವರು ಒಪ್ಪುವುದಿಲ್ಲ. ಪಾಲಿಕೆಯವರು ಬಿಡುವ ಗಪ್ಪಿ ಮೀನು ಮರಿಸೊಳ್ಳೆಗಳನ್ನು ತಿನ್ನುತ್ತದೆ, ಆದರೆ ಅದಕ್ಕೂ ಜೈನ ನಿವಾಸಿಗಳು ಸಂಕೋಚಪಡಬಹುದು. ಸೊಳ್ಳೆ ಹುಟ್ಟದಂತೆಯೇ ಮಾಡುವ ಬಲೆ ಎಲ್ಲರಿಗೂ ಒಪ್ಪಿಗೆ, ಬೆಳಕೂ ಬೀಳುತ್ತದೆ.

ಕಬ್ಬಿಣದ ಚೌಕಟ್ಟಿನ ಗಟ್ಟಿ ಗ್ರಿಲ್, ಅದರ ಮೇಲೆ ಸ್ಟೀಲಿನ ಸೊಳ್ಳೆಬಲೆ, ಕಣ್ಣಿನ ಅಗಲ 1.2 ಮಿ.ಮೀ. ಮೀರದಂತೆ. ಕಡಲಗಾಳಿಗೆ ಸಾದಾ ತಂತಿ ಎರಡು ವರ್ಷವೂ ಬಾಳುವುದಿಲ್ಲ. ಕೊಡಪಾನ ಇಳಿಯುವಂತೆ 45 ಸೆಂ.ಮೀ. ಚೌಕದ ಕೀಲುಬಾಗಿಲು, ಅದರ ಪಕ್ಕಕ್ಕೇ ರಾಟೆ. ಬಾಗಿಲಿನ ಅಂಚಿಗೆ ರಬ್ಬರ್ ಪಟ್ಟಿ ಹಾಕದಿದ್ದರೆ ಸೊಳ್ಳೆ ಅಲ್ಲಿಂದಲೇ ನುಗ್ಗುತ್ತದೆ. ಬೀಗದ ಕೈ ವಾಚ್‌ಮನ್ ಬಳಿ ಇರಲಿ. ಕಾರ್ಯದರ್ಶಿಯ ಬಳಿ ಇದ್ದರೆ ಪೂಜೆಯ ದಿನ ಅವರು ಊರಲ್ಲಿ ಇರುವುದಿಲ್ಲ, ಬಾಗಿಲು ಮುರಿಯುತ್ತದೆ.

ಚಾವಣಿಯ ಮಳೆ ಬಾವಿಗೆ

ಒಂದು ಚದರ ಮೀಟರ್ ಚಾವಣಿಗೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಮುಂಬಯಿಯ ನಾಲ್ಕು ತಿಂಗಳ ಮಳೆಯನ್ನು 2,000 ಮಿ.ಮೀ. ಎಂದಿಟ್ಟುಕೊಂಡು, ಐದರಲ್ಲೊಂದು ಪಾಲು ನಷ್ಟ ಕಳೆದರೂ 200 ಚದರ ಮೀಟರಿನ ಚಾವಣಿಯಿಂದ 3,20,000 ಲೀಟರ್ ಸಿಗುತ್ತದೆ. ಗಂಟೆಗೆ 100 ಮಿ.ಮೀ. ಸುರಿಯುವ ಮಳೆಗೆ 100 ಮಿ.ಮೀ.ನ ಒಂದು ಪೈಪು ಸುಮಾರು 85 ಚದರ ಮೀಟರ್ ಚಾವಣಿಯನ್ನಷ್ಟೇ ಸುಧಾರಿಸುತ್ತದೆ. ಆದ್ದರಿಂದ ಇಲ್ಲಿ ಮೂರು ಪೈಪು ಬೇಕು.

ಋತುವಿನ ಮೊದಲ ಎರಡು ಮೂರು ಮಳೆಯನ್ನು ಪೂರ್ತಿ ಮೋರಿಗೆ ಬಿಡಿ, ಪಾರಿವಾಳದ ಹಿಕ್ಕೆ, ಧೂಳು, ಡಾಂಬರಿನ ಚೂರು ಎಲ್ಲ ಅದರಲ್ಲೇ ಹೋಗಲಿ. ಆಮೇಲೂ ಮಳೆ ಬಿಡುವು ಕೊಟ್ಟು ಮತ್ತೆ ಶುರುವಾದಾಗ ಮೊದಲ 2 ಮಿ.ಮೀ., ಅಂದರೆ ಈ ಚಾವಣಿಗೆ 400 ಲೀಟರ್, ಹೊರಹೋಗುವಂತೆ ವಾಲ್ವ್ ಇರಲಿ.

ಗಂಟೆಗೆ 60 ಮಿ.ಮೀ. ಮಳೆಯಲ್ಲಿ ಇದೇ ಚಾವಣಿಯಿಂದ 12,000 ಲೀಟರ್ ಇಳಿಯುತ್ತದೆ. ಒಂದು ಮೀಟರ್ ಚೌಕದ ಮರಳಿನ ತೊಟ್ಟಿ ಇದನ್ನು ತಡೆಯದೆ ಉಕ್ಕುತ್ತದೆ, ಎರಡು ಚದರ ಮೀಟರ್ ಬೇಕು. ತಳದಲ್ಲಿ 30 ಸೆಂ.ಮೀ. ದಪ್ಪಕ್ಕೆ 40ರಿಂದ 60 ಮಿ.ಮೀ. ಕಲ್ಲು, ಮೇಲೆ 20 ಸೆಂ.ಮೀ. ಜಲ್ಲಿ, ಅದರ ಮೇಲೆ ನೈಲಾನ್ ಬಲೆ ಹಾಸಿ 30 ಸೆಂ.ಮೀ. ದಪ್ಪಕ್ಕೆ ದೊರಗು ಮರಳು, ಮೇಲೆ ಒಂದಡಿ ಖಾಲಿ. ಗಿಲಾವಿನ ನುಣುಪು ಮರಳು ಹಾಕಿದರೆ ಮೊದಲ ವಾರವೇ ಕಟ್ಟಿಕೊಳ್ಳುತ್ತದೆ. ಕಡಲ ಮರಳು ಉಪ್ಪು ಬಿಡುತ್ತದೆ. ಮರಳನ್ನು ತೊಳೆಯದೆ ತುಂಬಿದರೆ ಮಳೆಗಾಲವಿಡೀ ಬಾವಿ ಕೆಂಪಾಗಿರುತ್ತದೆ. ಬಾವಿಗೆ ಇಳಿಯುವ ಪೈಪು ಗೋಡೆಗುಂಟ ನೀರಿನ ಮಟ್ಟದ ಹತ್ತಿರದವರೆಗೆ ಹೋಗಲಿ, ಮೇಲಿನಿಂದ ಧುಮುಕುವ ನೀರು ಗೋಡೆ ಕೊರೆಯುತ್ತದೆ. ತುಂಬಿದ ಬಾವಿಯ ನೀರು ಮಳೆಮೋರಿಗೆ ಹೋಗಲು ಹೊರದಾರಿ ಇರಲೇಬೇಕು.

ಬ್ಲೀಚಿಂಗ್ ಪೌಡರ್ ಮತ್ತು ತೀರ್ಥ

ಬಾವಿಯ ನೀರಿನ ಲೆಕ್ಕ: ವ್ಯಾಸ × ವ್ಯಾಸ × ನೀರಿನ ಆಳ × 785, ಎಲ್ಲ ಮೀಟರಿನಲ್ಲಿ, ಉತ್ತರ ಲೀಟರಿನಲ್ಲಿ. ಮೂರು ಮೀಟರ್ ವ್ಯಾಸ, ನಾಲ್ಕು ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್. ಹೂಳೆತ್ತಿ ನೀರು ತುಂಬಿದ ಮೇಲೆ ಮೊದಲ ಸಲ ಸಾವಿರ ಲೀಟರಿಗೆ 30 ಗ್ರಾಂನಂತೆ ಸುಮಾರು 850 ಗ್ರಾಂ ಪೌಡರ್ ಹಾಕಿ, ರಾತ್ರಿಯಿಡೀ ಬಿಟ್ಟು, ವಾಸನೆ ಹೋಗುವವರೆಗೆ ನೀರು ಹೊರಹಾಕಿ. ಆಮೇಲೆ ನಿತ್ಯದ ಪ್ರಮಾಣ ಸಾವಿರ ಲೀಟರಿಗೆ 2.5 ಗ್ರಾಂ, ಇಲ್ಲಿಗೆ 70 ಗ್ರಾಂ. ಪುಡಿಯನ್ನು ನೇರ ಸುರಿಯಬೇಡಿ. ಬಕೆಟ್ಟಿನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ತಳದ ಸುಣ್ಣ ಬಿಟ್ಟು ತಿಳಿಯನ್ನಷ್ಟೇ ಬಾವಿಗೆ ಇಳಿಸಿ ಕದಡಿ. ಒಂದು ಗಂಟೆಯ ನಂತರ ಕ್ಲೋರಿನ್ ಪರೀಕ್ಷೆಯಲ್ಲಿ ಲೀಟರಿಗೆ 0.5 ಮಿ.ಗ್ರಾಂ ಉಳಿದಿರಬೇಕು. ಉಳಿಯದಿದ್ದರೆ ನೀರಿನಲ್ಲಿ ಕೊಳೆ ಹೆಚ್ಚಿದೆ ಅಥವಾ ಪೌಡರ್ ಹಳಸಿದೆ. ಬಾಯಿ ತೆರೆದಿಟ್ಟ ಚೀಲದ ಶಕ್ತಿ ಬೇಗ ಇಳಿಯುತ್ತದೆ.

‘ಕುಡಿಯಲು ಅಲ್ಲ’ ಎಂಬ ಬೋರ್ಡು ಹಾಕಿದರೆ ಸಾಲದು. ಪೂಜೆಯ ದಿನ ಆ ನೀರು ತೀರ್ಥವಾಗಿ ಅಂಗೈಗೆ ಬರುತ್ತದೆ, ಬಾಣಂತಿಯ ಬಾಯಿಗೂ ಹೋಗುತ್ತದೆ. ಭಕ್ತಿಯಿಂದ ಕುಡಿಯುವವರನ್ನು ಬೋರ್ಡು ತಡೆಯುವುದಿಲ್ಲ. ಆದ್ದರಿಂದ ಹಬ್ಬಗಳ ಪಟ್ಟಿ ನೋಡಿ ಎರಡು ದಿನ ಮೊದಲು ಕ್ಲೋರಿನ್ ಹಾಕಿ, ಆ ದಿನದ ನೀರನ್ನು ಕುದಿಸಿ ಆರಿಸಿ ಪುರೋಹಿತರ ಕೈಗೆ ಕೊಡಿ. ಗಂಗೆಯೇ ಆದರೂ ಕಾಯಿಸಿ ಕೊಡುವುದರಲ್ಲಿ ದೋಷವಿಲ್ಲವೆಂದು ಅವರಿಂದಲೇ ಹೇಳಿಸಿ. ವರ್ಷಕ್ಕೆ ಎರಡು ಸಲ, ಮೇ ಮತ್ತು ಆಗಸ್ಟ್‌ನಲ್ಲಿ, ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಲಿ: 100 ಮಿ.ಲೀ.ನಲ್ಲಿ ಕೋಲಿಫಾರ್ಮ್ (ಕೊಳೆನೀರು ಬೆರೆತ ಸುಳಿವು ಕೊಡುವ ಬ್ಯಾಕ್ಟೀರಿಯಾ) ಇರಬಾರದು, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ, ಲೀಟರಿಗೆ ಮಿ.ಗ್ರಾಂ ಲೆಕ್ಕದಲ್ಲಿ) 500ರೊಳಗಿದ್ದರೆ ಉತ್ತಮ, 2,000 ಮೀರಿದರೆ ಕುಡಿಯುವ ಯೋಚನೆ ಬಿಡಿ. ಎರಡು ಸಲ ಕ್ಲೋರಿನ್ ಹಾಕಿದರೂ ಕೋಲಿಫಾರ್ಮ್ ಹೋಗದಿದ್ದರೆ ಹತ್ತಿರದ ಗಟಾರದ ಚೇಂಬರ್ ಸೋರುತ್ತಿರಬಹುದು. ಚೇಂಬರಿಗೆ ಗಟ್ಟಿ ಉಪ್ಪುನೀರು ಸುರಿದು ಕೆಲವು ದಿನ ಬಾವಿಯ ಟಿಡಿಎಸ್ ನೋಡಿ, ಏರಿದರೆ ದಾರಿ ಸಿಕ್ಕಿತು. ಬಾವಿಗೂ ಚೇಂಬರಿಗೂ 15 ಮೀಟರ್ ಅಂತರ ಇರಬೇಕು, ಇಲ್ಲದ ಕಡೆ ಚೇಂಬರನ್ನೇ ಸರಿಸಬೇಕು.

ಹೂವು, ಪಿಂಡ, ಗಣಪತಿ

ವಾಲ್ಕೇಶ್ವರದ ಬಾಣಗಂಗಾ ಕೆರೆಯಲ್ಲಿ ಪಿತೃಪಕ್ಷದ ನಂತರ ಮೀನು ಸತ್ತು ತೇಲಿದ್ದುಂಟು. ಪಿಂಡ, ಹಿಟ್ಟು, ಹೂವು ಕೊಳೆಯುವಾಗ ನೀರಿನ ಆಮ್ಲಜನಕ ಹೀರಿಕೊಳ್ಳುತ್ತವೆ. ಕೆರೆಯ ಗತಿಯೇ ಹೀಗಾದರೆ ಮೂರು ಮೀಟರಿನ ಬಾವಿ ತಡೆದೀತೇ? ‘ಹಾಕಬೇಡಿ’ ಎಂದು ಬರೆದರೆ ಜನ ರಾತ್ರಿ ಹಾಕುತ್ತಾರೆ. ಅರ್ಪಿಸಲು ಜಾಗ ಕೊಡಿ. ಬಾವಿಕಟ್ಟೆಯ ಮೇಲೆ ಬಾವಿಯದೇ ನೀರು ತುಂಬಿದ ಅಗಲವಾದ ಕಲ್ಲಿನ ಬಾನಿ ಇಟ್ಟರೆ ಹೂವು, ಅಕ್ಷತೆ ಅದಕ್ಕೆ ಬೀಳುತ್ತವೆ, ದೀಪಕ್ಕೆ ಪಕ್ಕದಲ್ಲಿ ಗೂಡು. ಬಾನಿಯ ನೀರು ಪ್ರತಿ ಸಂಜೆ ತುಳಸಿಗೆ, ಹೂವು ನಿರ್ಮಾಲ್ಯದ ಗೊಬ್ಬರದ ಗುಂಡಿಗೆ. ಗಣಪತಿ ಶಾಡೂ ಮಣ್ಣಿನದಾದರೂ ಬಾವಿಯಲ್ಲಿ ವಿಸರ್ಜನೆ ಬೇಡ. ದೊಡ್ಡ ಡ್ರಮ್ಮಿಗೆ ಬಾವಿಯ ನೀರು ತುಂಬಿ ಅಲ್ಲಿ ಮುಳುಗಿಸಿ, ಕರಗಿದ ಮಣ್ಣನ್ನು ಗಿಡಗಳಿಗೆ ಹಾಕಿ.

ನೋಡಿಕೊಳ್ಳುವ ಕೆಲಸಕ್ಕೆ ಒಂದು ವಹಿ ಸಾಕು. ತಿಂಗಳಿಗೊಮ್ಮೆ ನೀರಿನ ಮಟ್ಟ, ಟಿಡಿಎಸ್, ಹಾಕಿದ ಪೌಡರ್, ಬಲೆಯ ಸ್ಥಿತಿ ಬರೆಯಬೇಕು. ಮರಳಿನ ಮೇಲಿನ ಎರಡಂಗುಲವನ್ನು ಜುಲೈ ಮತ್ತು ಸೆಪ್ಟೆಂಬರ್‌ನಲ್ಲಿ ಕೆರೆದು ತೊಳೆಯಬೇಕು. ಕಮಿಟಿ ಬದಲಾದಾಗ ಈ ವಹಿಯೂ ಮೊದಲು ಮಾಡಿದ ಎರಡು ಪಟ್ಟಿಗಳೂ ಹೊಸಬರ ಕೈಗೆ ಸಹಿ ಪಡೆದು ಹೋಗಲಿ. ಹೊಸದಾಗಿ ಬಂದ ಬಾಡಿಗೆಯವರ ಮನೆಗೂ ಹೋಗಿ ಅವರ ಊರಿನಲ್ಲಿ ಬಾವಿಯ ಪದ್ಧತಿ ಏನಿತ್ತೆಂದು ಕೇಳಿ ಪಟ್ಟಿಗೆ ಸೇರಿಸಿ. ಬಾವಿಕಟ್ಟೆಯ ಬೋರ್ಡು ಮರಾಠಿ, ಕನ್ನಡ, ಗುಜರಾತಿ, ಹಿಂದಿ, ಕಟ್ಟಡದಲ್ಲಿ ಯಾರಿದ್ದಾರೋ ಅವರ ಭಾಷೆಯಲ್ಲೆಲ್ಲ ಇರಲಿ.